ಗೊಮ್ಮಟನ ಹತ್ತಿರ ಏನು ಬೇಡಿಕೊಳ್ಳಬೇಕು?

ನಮ್ಮೂರು ಚನ್ನರಾಯಪಟ್ಟಣ. ಶ್ರವಣಬೆಳಗೊಳ ಇಲ್ಲೇ ಪಕ್ಕ. ಮನೆಗೆ ನೆಂಟರು ಬರಲಿ, ಸ್ನೇಹಿತರು ಬರಲಿ, ಮಾರನೆಯ ದಿನ ಬಿಸಿಲೇರುವ ಮೊದಲು ಅವರನ್ನು ದೊಡ್ಡಬೆಟ್ಟ ಹತ್ತಿಸುವುದು ನನ್ನ ಕೆಲಸ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಗೊಮ್ಮಟನ ಮುಂದೆ ನಿಂತವರು ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ನೀವು ಜೈನರಲ್ವಾ, ನಿಮಗೆ ಗೊತ್ತಿರುತ್ತೆ. ಈ ದೇವರ ಹತ್ತಿರ ಏನು ಬೇಡಿಕೊಂಡರೆ ಆಗುತ್ತೆ?"

ಏನೂ ಬೇಡಿಕೊಳ್ಳಬೇಡಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಇಷ್ಟು ಹತ್ತಿದ್ದು ಸುಮ್ನೆನಾ ಅನ್ನುವ ಹಾಗೆ ನೋಡುತ್ತಾರೆ. ಬೆಟ್ಟದ ಮೇಲೆ ನಿಂತು ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಲೋಕವನ್ನು ಸೃಷ್ಟಿ ಮಾಡಿದ ದೇವರು ಅಂತ ಯಾರೂ ಇಲ್ಲ. ಲೋಕ ಯಾವತ್ತೂ ಇತ್ತು, ಮುಂದೆಯೂ ಇರುತ್ತದೆ. ಜೀವವೂ ಹಾಗೆಯೇ. ಕೋಪ, ಆಸೆ, ಹೆಮ್ಮೆ ಇದ್ದಾಗ ಜೀವಕ್ಕೆ ಕರ್ಮ ಅಂಟುತ್ತದೆ. ಎಣ್ಣೆ ಹಚ್ಚಿದ ಮೈಗೆ ಧೂಳು ಹತ್ತುತ್ತದಲ್ಲ, ಹಾಗೆ. ಹೊಸ ಧೂಳನ್ನು ತಡೆಯುವುದಕ್ಕೆ ಸಂವರ ಅನ್ನುತ್ತಾರೆ, ಹಳೆಯದನ್ನು ಉದುರಿಸುವುದಕ್ಕೆ ನಿರ್ಜರೆ. ಎಲ್ಲ ಉದುರಿದ ಮೇಲೆ ಮೋಕ್ಷ. ಅವರವರ ಧೂಳು ಅವರವರೇ ಕಳೆದುಕೊಳ್ಳಬೇಕು.

ತೀರ್ಥ ಅಂದರೆ ಹೊಳೆ ದಾಟುವ ಜಾಗ. ಹುಟ್ಟುಸಾವಿನ ಹೊಳೆ ದಾಟುವ ದಾರಿ ತೋರಿಸಿದವರು ತೀರ್ಥಂಕರರು. ಮಹಾವೀರರು ಈ ಧರ್ಮ ಹುಟ್ಟುಹಾಕಿದರು ಅಂತ ಶಾಲೆಯಲ್ಲಿ ಓದಿಕೊಂಡು ಬಂದವರು ಜಾಸ್ತಿ. ಆದರೆ ಮಹಾವೀರರು 24ನೆಯ ತೀರ್ಥಂಕರರು. ಮೊದಲನೆಯವರು ಆದಿನಾಥರು. ಮಹಾವೀರರಿಗಿಂತ ಮುಂಚಿನ ಪಾರ್ಶ್ವನಾಥರೂ ನಿಜವಾಗಿ ಬಾಳಿದವರೆಂದು ಇತಿಹಾಸ ಬಲ್ಲ ಬಹಳ ಜನ ಒಪ್ಪುತ್ತಾರೆ. ಕ್ರಿ.ಪೂ. 527ರಲ್ಲಿ ಪಾವಾಪುರಿಯಲ್ಲಿ ಮಹಾವೀರರಿಗೆ ನಿರ್ವಾಣವಾಯಿತು ಎಂಬುದು ನಮ್ಮ ಲೆಕ್ಕ. ನಮಗೆ ದೀಪಾವಳಿ ಅಂದರೆ ಆ ದಿನ.

ಹೀಗೆ ದಾಟಿಹೋದವರಿಗೆ ಹೊಗಳಿದರೆ ಖುಷಿಯಿಲ್ಲ, ಬೈದರೆ ಸಿಟ್ಟಿಲ್ಲ. ಅಂಥವರು ನನ್ನ ಹರಕೆಗೆ ಒಲಿದು, ಪಕ್ಕದ ಮನೆಯವರಿಗೆ ಒಲಿಯದೆ ಇರುವುದು ಹೇಗೆ? ನಾವು ದಿನಾ ಹೇಳುವ ಣಮೋಕಾರ ಮಂತ್ರವನ್ನೇ ನೋಡಿ. ಒಳಗಿನ ಶತ್ರುಗಳನ್ನು ಗೆದ್ದ ಅರಿಹಂತರಿಗೆ, ಮೋಕ್ಷ ಪಡೆದ ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲ ಸಾಧುಗಳಿಗೆ ನಮಸ್ಕಾರ. ಅದರಲ್ಲಿ ಒಬ್ಬರ ಹೆಸರೂ ಇಲ್ಲ, ಒಂದು ಬೇಡಿಕೆಯೂ ಇಲ್ಲ.

ಗೊಮ್ಮಟ ಅಂದರೆ ಬಾಹುಬಲಿ. ಅವನು ತೀರ್ಥಂಕರನೂ ಅಲ್ಲ. ಆದಿನಾಥರ ಮಗ. ಅಣ್ಣ ಭರತ ತನಗೆ ತಲೆಬಾಗು ಅಂದ, ಇವನು ಒಪ್ಪಲಿಲ್ಲ. ಸೈನ್ಯ ಯಾಕೆ ಸಾಯಬೇಕು ಅಂತ ಅಣ್ಣತಮ್ಮಂದಿರಿಬ್ಬರೇ ಕಾದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಗೆದ್ದ. ಸೋತ ಅಣ್ಣ ಮಾತು ಮರೆತು ಚಕ್ರ ಬಿಟ್ಟ. ಆ ಚಕ್ರವೂ ಇವನಿಗೆ ತಾಗದೆ ನಿಂತಿತು. ರಾಜ್ಯಕ್ಕಾಗಿ ಅಣ್ಣ ಹೀಗಾದನಲ್ಲ ಅಂತ ಬಾಹುಬಲಿಗೆ ಬೇಸರ ಬಂತು. ಎಲ್ಲ ಬಿಟ್ಟು ಹೋಗಿ ಒಂದು ವರ್ಷ ಕದಲದೆ ನಿಂತ. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಶಿಲ್ಪಿ ಎರಡನ್ನೂ ಕಡೆದಿದ್ದಾನೆ, ಹೋದಾಗ ನೋಡಿ. ಆದರೂ ಜ್ಞಾನ ಆಗಲಿಲ್ಲ. ನಮ್ಮಲ್ಲಿ ಹೇಳುವ ಕತೆಯಲ್ಲಿ, 'ನಾನು ನಿಂತಿರುವುದು ಭರತನ ನೆಲದ ಮೇಲೆ' ಅನ್ನುವ ಒಂದೇ ಒಂದು ಚುಚ್ಚು ಅವನ ಮನಸ್ಸಿನಲ್ಲಿ ಉಳಿದಿತ್ತು. ಭರತನೇ ಬಂದು ಕಾಲಿಗೆರಗಿ, ಈ ನೆಲ ಯಾರದೂ ಅಲ್ಲ ಅಂದ ಮೇಲೆ ಅದೂ ಕರಗಿತು.

ಬೆತ್ತಲೆ ಯಾಕೆ ಅಂತಲೂ ಕೇಳುತ್ತಾರೆ. ನನ್ನದು ಅಂತ ಒಂದು ಎಳೆ ಬಟ್ಟೆಯನ್ನೂ ಇಟ್ಟುಕೊಳ್ಳದವನು ಅವನು.

ಈ ಬಿಡುವ ದಾರಿ ನಮ್ಮ ಕಡೆಗೆ ಬಂದದ್ದು ಎದುರಿನ ಚಿಕ್ಕಬೆಟ್ಟಕ್ಕೆ. ಭದ್ರಬಾಹು ಮುನಿಗಳು ಹನ್ನೆರಡು ವರ್ಷದ ಬರಗಾಲವನ್ನು ಮುಂಚೆಯೇ ಕಂಡರು, ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು ಅಂತ ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನ ಹೇಳುತ್ತದೆ. ಮೌರ್ಯ ಚಂದ್ರಗುಪ್ತನೂ ಜೊತೆಗೆ ಬಂದ ಎಂಬ ನಂಬಿಕೆ ಇದೆ. ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಅನ್ನುವ ಹೆಸರು ಅದರಿಂದಲೇ. ಅಲ್ಲಿ ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುವ ವ್ರತದಿಂದ, ದೇಹ ಬಿಟ್ಟವರ ನೆನಪಿಗೆ ಬರೆಸಿದ ಶಾಸನಗಳು ತುಂಬಾ ಇವೆ. ನಂದಿಸೇನ ಮುನಿಯದು ನನಗೆ ಬಹಳ ಇಷ್ಟ. ಏಳನೇ ಶತಮಾನದ ಕನ್ನಡ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಬೇಗ ಮಾಯವಾಗುತ್ತವೆ, ಯಾರಿಗೂ ನಿಲ್ಲುವುದಿಲ್ಲ ಅಂತ ಬಂಡೆಯ ಮೇಲೆ ಬರೆದಿದ್ದಾರೆ. ದೊಡ್ಡಬೆಟ್ಟಕ್ಕೆ ಬಂದವರು ಚಿಕ್ಕಬೆಟ್ಟ ಬಿಟ್ಟು ಹೋದರೆ ನನಗೆ ಸಂಕಟವಾಗುತ್ತದೆ.

ಆದರೆ ಸಂಸಾರಸ್ಥರಿಗೆ ಕಷ್ಟ ಬರುತ್ತದಲ್ಲ. ಮಗು ಜ್ವರದಲ್ಲಿ ಮಲಗಿದ್ದಾಗ ಸಂವರ, ನಿರ್ಜರೆ ಅಂತ ಕೂರಲು ಆಗುತ್ತದಾ? ಅದಕ್ಕೇ ನಮ್ಮಲ್ಲಿ ಯಕ್ಷಿಯರು ಇದ್ದಾರೆ. ತೀರ್ಥಂಕರರನ್ನು ಕಾಯುವವರು, ನಮ್ಮ ಕಷ್ಟ ಕೇಳುವವರು. ಪದ್ಮಾವತಿ, ಕೂಷ್ಮಾಂಡಿನಿ, ಜ್ವಾಲಾಮಾಲಿನಿ. ತಮ್ಮನಿಗೆ ಕಾಯಿಲೆಯಾದಾಗ ಅಮ್ಮ ಚಿಕ್ಕಮಗಳೂರು ಜಿಲ್ಲೆಯ ಎನ್.ಆರ್. ಪುರದ ಜ್ವಾಲಾಮಾಲಿನಿ ಅಮ್ಮನವರಿಗೆ ಹರಕೆ ಹೊತ್ತಿದ್ದರು. ಇದು ಮೂಲ ಧರ್ಮವಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಹೋಗಿ ನೋಡಿ. 1133ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಅಲ್ಲಿನ ಪ್ರಸಾದ ಕೈಗೆ ಬಂದ ಹೊತ್ತಿಗೇ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದ. ದೇವರಿಗೆ ವಿಜಯ ಪಾರ್ಶ್ವನಾಥ ಅಂತ ಹೆಸರಿಟ್ಟ. ಅಂಥ ರಾಜನೇ ಹಾಗೆ ನಂಬಿದ ಮೇಲೆ ಅಮ್ಮನ ಹರಕೆಯನ್ನು ಯಾಕೆ ತಪ್ಪು ಅನ್ನಲಿ?

ಹಾಗಾದರೆ 12 ವರ್ಷಕ್ಕೊಮ್ಮೆ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಯಾಕೆ? 2018ರಲ್ಲಿ ನಡೆದಾಗ ಈ ಪ್ರಶ್ನೆ ಎಷ್ಟು ಜನ ಕೇಳಿದರೋ. ಉತ್ತರವಾಗಿ ನಾನು ಗುಳ್ಳಕಾಯಜ್ಜಿಯ ಕತೆ ಹೇಳುತ್ತೇನೆ. ಕ್ರಿ.ಶ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಈ 58 ಅಡಿಯ ಮೂರ್ತಿ ನಿಲ್ಲಿಸಿದ. ನಾನು ಮಾಡಿಸಿದೆ ಅನ್ನುವ ಹೆಮ್ಮೆ ಅವನಿಗೆ. ಕೊಡಗಟ್ಟಲೆ ಹಾಲು ಸುರಿದರೂ ಪಾದದವರೆಗೆ ಇಳಿಯಲೇ ಇಲ್ಲ. ಕೊನೆಗೆ ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ಮೈಯೆಲ್ಲ ತೊಯ್ಸಿ ಬೆಟ್ಟದಿಂದ ಕೆಳಗೆ ಹರಿಯಿತು. ಕೂಷ್ಮಾಂಡಿನಿಯೇ ಹಾಗೆ ಬಂದಳು ಎನ್ನುತ್ತಾರೆ.

ಬಾಗಿಲ ಆಚೆ, ಗೊಮ್ಮಟನಿಗೆ ಎದುರಾಗಿ ಆ ಅಜ್ಜಿಯ ಮೂರ್ತಿ ಇದೆ. ಇಳಿಯುವಾಗ ನೆಂಟರನ್ನು ಅಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ. ಅವಳು ಏನು ಬೇಡಿಕೊಂಡಳು ಅಂತ ಕತೆ ಹೇಳುವ ಯಾರ ಬಾಯಲ್ಲೂ ನಾನು ಕೇಳಿಲ್ಲ.