ಸರಾಸರಿ ಜವದ ಲೆಕ್ಕದಲ್ಲಿ ನಾವು ಎಡವುವ ಜಾಗ

120 ಕಿಲೋಮೀಟರ್ ದೂರದ ಸ್ಥಳಕ್ಕೆ ಗಂಟೆಗೆ 60 ಕಿಲೋಮೀಟರ್ ಜವದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಜವದಲ್ಲಿ ಹಿಂದಿರುಗಿದರೆ ಸರಾಸರಿ ಎಷ್ಟು ಎಂಬ ಪ್ರಶ್ನೆಗೆ ನಾನೂ ಒಮ್ಮೆ 50 ಎಂದೇ ಉತ್ತರಿಸಿದ್ದೆ. ಅದು ತಪ್ಪು. ಸರಾಸರಿ ಜವವೆಂದರೆ ಕ್ರಮಿಸಿದ ಒಟ್ಟು ದೂರವನ್ನು ಅದಕ್ಕೆ ಹಿಡಿದ ಒಟ್ಟು ಕಾಲದಿಂದ ಭಾಗಿಸಿದಾಗ ದೊರೆಯುವ ಮೌಲ್ಯವೇ ಹೊರತು, ಬೇರೆ ಬೇರೆ ಜವಗಳನ್ನು ಕೂಡಿಸಿ ತೆಗೆದ ಸರಾಸರಿಯಲ್ಲ. ಹೋಗಲು 2 ಗಂಟೆ, ಬರಲು 3 ಗಂಟೆ ಬೇಕಾಗುವುದರಿಂದ 240ನ್ನು 5ರಿಂದ ಭಾಗಿಸಬೇಕು. ಉತ್ತರ ಗಂಟೆಗೆ 48 ಕಿಲೋಮೀಟರ್. ನಿಧಾನವಾಗಿ ಸಾಗುವಾಗ ಹೆಚ್ಚು ಹೊತ್ತು ಕಳೆಯುತ್ತೇವೆ, ಆದ್ದರಿಂದ ಸರಾಸರಿಯೂ ಅತ್ತಲೇ ವಾಲುತ್ತದೆ. ಎರಡೂ ಜವಗಳಲ್ಲಿ ಸಮಾನ ಕಾಲ ಸಾಗಿದ್ದರೆ ಮಾತ್ರ 50 ಸರಿಯಾಗುತ್ತಿತ್ತು. ನಡುವೆ 1 ಗಂಟೆ ವಿಶ್ರಮಿಸಿದರೆ ಅದೂ ಒಟ್ಟು ಕಾಲಕ್ಕೆ ಸೇರಿ, ಸರಾಸರಿ 40ಕ್ಕೆ ಇಳಿಯುತ್ತದೆ. (ದಿಕ್ಕನ್ನೂ ಪರಿಗಣಿಸುವ ಸರಾಸರಿ ವೇಗವಾದರೋ, ಹೊರಟಲ್ಲಿಗೇ ಮರಳಿದ್ದರಿಂದ ಸೊನ್ನೆ.)

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಹೋಗುವಾಗ ಗಂಟೆಗೆ 30 ಕಿಲೋಮೀಟರಿನಂತೆ ಸಾಗಿದವರು, ಇಡೀ ಪ್ರಯಾಣದ ಸರಾಸರಿಯನ್ನು 60ಕ್ಕೆ ಏರಿಸಲು ಮರಳುವಾಗ ಎಷ್ಟೇ ವೇಗವಾಗಿ ಬಂದರೂ ಸಾಧ್ಯವಿಲ್ಲ; ಏಕೆಂದರೆ 240 ಕಿಲೋಮೀಟರಿಗೆ ಸಲ್ಲಬೇಕಾದ 4 ಗಂಟೆಗಳೂ ಹೋಗುವಷ್ಟರಲ್ಲೇ ಮುಗಿದಿರುತ್ತವೆ.