ಪೆಟ್ಟಿಗೆ ಬಂದ ಕೂಡಲೇ ತೆರೆಯಬೇಡಿ: ಉತ್ತರ ಕೆನಡಾದ ದಾಖಲೆ ಕೆಲಸದ ಪಾಠ

1978ರಲ್ಲಿ ಕೆನಡಾದ ಯೂಕಾನ್ ಸೀಮೆಯ ಡಾಸನ್ ಸಿಟಿಯಲ್ಲಿ ಹೊಸ ಕಟ್ಟಡಕ್ಕೆಂದು ನೆಲ ಅಗೆಯುತ್ತಿದ್ದಾಗ ಮಣ್ಣಿನಡಿಯಿಂದ ಸಿನಿಮಾ ರೀಲುಗಳು ಎದ್ದವು. ಉಳಿಸಿಕೊಳ್ಳಲು ಆದದ್ದು 533. ಚಿನ್ನದ ಬೇಟೆಯ ಕಾಲದಲ್ಲಿ ಬೆಳೆದ ಆ ಊರು ಚಿತ್ರ ಹಂಚಿಕೆಯ ಕಟ್ಟಕಡೆಯ ತುದಿ. ಅಲ್ಲಿಗೆ ಹೋದ ರೀಲನ್ನು ವಾಪಸು ತರಿಸಿಕೊಳ್ಳುವ ಖರ್ಚು ಹಂಚಿಕೆದಾರರಿಗೆ ಬೇಡವಾಗಿತ್ತು. ಹಾಗೆ ಗುಡ್ಡೆಬಿದ್ದ ರೀಲುಗಳನ್ನು 1929ರಲ್ಲಿ ಹಳೆಯ ಈಜುಕೊಳವನ್ನು ಮುಚ್ಚಿ ಮಟ್ಟ ಮಾಡಲು ತುಂಬಿಬಿಟ್ಟರು. ಹೊತ್ತಿಕೊಂಡರೆ ನೀರೊಳಗೂ ಉರಿಯುವ ನೈಟ್ರೇಟ್ ಫಿಲ್ಮ್, ಹೆಪ್ಪುಗಟ್ಟಿದ ನೆಲದಲ್ಲಿ 49 ವರ್ಷ ತಣ್ಣಗೆ ಇತ್ತು. ಈಗ ಆ ಚಿತ್ರಗಳನ್ನು ಹಾಕಿ ನೋಡಿದರೆ ಎರಡೂ ಅಂಚಿನಲ್ಲಿ ಬಿಳಿ ಕಲೆಗಳು ಕುಣಿಯುತ್ತವೆ. ಅದು ನೀರು ಮಾಡಿದ ಹಾನಿ. ಮಂಜು ಕರಗಿ ನೀರಾದಾಗ ಸುತ್ತಿದ ಫಿಲ್ಮಿನ ಅಂಚಿನಿಂದ ಒಳಕ್ಕಿಳಿದು ಚಿತ್ರ ಹೊತ್ತ ಜೆಲಟಿನ್ ಪದರವನ್ನು ತಿಂದಿದೆ.

ಉತ್ತರದ ಊರುಗಳ ದಾಖಲೆ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಕಾಗದ, ಫಿಲ್ಮು, ಟೇಪು ಚಳಿಯಲ್ಲಿ ಇದ್ದಷ್ಟು ದಿನ ಬಹುಮಟ್ಟಿಗೆ ಕ್ಷೇಮ. ಕೆಡುವುದೆಲ್ಲ ದಾಟಿಸುವಾಗ: ಚಳಿಯಿಂದ ಬಿಸಿಗೆ, ಟೇಪಿನಿಂದ ಕಂಪ್ಯೂಟರಿಗೆ, ಒಂದು ಭಾಷೆಯ ಜನರ ಕೈಯಿಂದ ಇನ್ನೊಂದು ಭಾಷೆಯ ಜನರ ಕೈಗೆ. ನಮ್ಮ ಕೆಲಸದ ಮುಕ್ಕಾಲು ಪಾಲು ಜಾಗ್ರತೆ ಈ ಮೂರು ದಾಟುಗಳಿಗೇ ಬೇಕು.

ಮೊದಲನೆಯದು ಪೆಟ್ಟಿಗೆ ಬಾಗಿಲು ದಾಟುವ ಹೊತ್ತು. ಸಣ್ಣ ವಿಮಾನದ ಸರಕು ಜಾಗದಲ್ಲಿ ಮೈನಸ್ 20 ಡಿಗ್ರಿಗೆ ಇಳಿದ ಪೆಟ್ಟಿಗೆಯನ್ನು 20 ಡಿಗ್ರಿಯ, ಶೇ 35 ತೇವಾಂಶದ ಕೋಣೆಗೆ ತಂದಿರಿ ಎನ್ನಿ. ಆ ಕೋಣೆಯ ಗಾಳಿ 4 ಡಿಗ್ರಿಗಿಂತ ತಣ್ಣಗಿನ ಏನನ್ನು ಮುಟ್ಟಿದರೂ ನೀರು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಡಬ್ಬಿ ಬೆವರುವುದನ್ನು ನೋಡಿದ್ದೀರಲ್ಲ, ಅದೇ ಬೆವರು ಇಲ್ಲಿ ನೂರು ವರ್ಷದ ಫೋಟೊ ಮೇಲೆ ಕೂರುತ್ತದೆ. ತಡೆಯುವ ಉಪಾಯ ಸರಳ, ಆದರೆ ಅದು ಕಳಿಸುವ ಊರಿನಲ್ಲೇ ಶುರುವಾಗಬೇಕು. ಬೆಚ್ಚಗಿನ ಒಣ ಕೋಣೆಯಲ್ಲಿ ವಸ್ತುವನ್ನು ಪಾಲಿಥೀನ್ ಚೀಲಕ್ಕೆ ಹಾಕಿ, ಒಳಗಿನ ಗಾಳಿಯನ್ನು ಆದಷ್ಟೂ ಒತ್ತಿ ತೆಗೆದು, ಬಾಯಿ ಬಿಗಿದು, ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಬಿಗಿಯಬೇಕು. ಎರಡು ಚೀಲಗಳ ನಡುವೆ ತೇವಾಂಶ ತೋರಿಸುವ ಕಾರ್ಡು ಒಂದಿರಲಿ. ಬಂದ ಮೇಲೆ ಹೊರ ಚೀಲ ಬೆವರುತ್ತದೆ, ಬೆವರಲಿ, ಒರೆಸಿದರಾಯಿತು. ಒಂದು ಪೆಟ್ಟಿಗೆ ಫೋಟೊಗೆ 24 ಗಂಟೆ, ದಪ್ಪ ಲೆಡ್ಜರುಗಳ ಕಟ್ಟಿಗೆ 48 ಗಂಟೆ ಕೈ ಹಾಕಕೂಡದು. ಹೊರಗಿನ ಪುಟ ಬೆಚ್ಚಗಾದರೂ ಲೆಡ್ಜರಿನ ನಡುಭಾಗ ತಣ್ಣಗೇ ಇರುತ್ತದೆ. ಹಾರ್ಡ್ ಡಿಸ್ಕಿಗೂ ಇದೇ ನಿಯಮ. ತಣ್ಣಗಿರುವಾಗ ವಿದ್ಯುತ್ ಕೊಡಬೇಡಿ, ಬೆವರು ಒಳಗಿನ ಸರ್ಕೀಟಿಗೆ ಇಳಿದಿರಬಹುದು. ತಣ್ಣಗಿನ ಫಿಲ್ಮನ್ನು ಬಿಚ್ಚಿ ನೋಡುವ ಆಸೆಯನ್ನೂ ತಡೆದುಕೊಳ್ಳಿ, ಚಳಿಯಲ್ಲಿ ಅದು ಬಾಗದೆ ಮುರಿಯುತ್ತದೆ.

ಷೆಡ್ಡಿನಲ್ಲಿ ಮಂಜುಗಡ್ಡೆ ಹಿಡಿದು ಸಿಕ್ಕ ಕಾಗದದ ಕತೆ ಬೇರೆ. ಅದನ್ನು ಕರಗಿಸಬೇಡಿ, ಹೆಪ್ಪುಗಟ್ಟಿದ ಹಾಗೇ ಫ್ರೀಜರಿನಲ್ಲಿಟ್ಟು ನಿರ್ವಾತದಲ್ಲಿ ಒಣಗಿಸುವ ಯಂತ್ರ ಇರುವ ಕಡೆಗೆ ಕಳಿಸಿ. ಅದು ಸಾಧ್ಯವಿಲ್ಲದಿದ್ದರೆ ಒಂದು ದಿನದಲ್ಲಿ ಒಣಗಿಸಲು ಆಗುವಷ್ಟನ್ನೇ ಹೊರಗೆ ತೆಗೆಯಿರಿ. ಗಾಜಿನ ನೆಗೆಟಿವ್ ಮಾತ್ರ ಈ ದಾರಿಗೆ ಬಾರದು. ನೀರು ಹೆಪ್ಪುಗಟ್ಟುವಾಗ ಗಾಜಿನಿಂದ ಪದರ ಎದ್ದುಬರುತ್ತದೆ, ಆದ್ದರಿಂದ ಒದ್ದೆಯಾದ ಗಾಜನ್ನು ಫ್ರೀಜರಿಗೆ ಹಾಕದೆ ನೇರ ಗಾಳಿಯಲ್ಲೇ ಒಣಗಿಸಬೇಕು.

ಇನ್ನು ಕಟ್ಟಡ. ಹೊರಗೆ ಮೈನಸ್ 30 ಇರುವಾಗ ಅಲ್ಲಿನ ಗಾಳಿಯಲ್ಲಿ ನೀರೆಂಬುದೇ ಇಲ್ಲ. ಅದನ್ನು ಒಳಗೆಳೆದು 20 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ 2ರ ಆಸುಪಾಸಿಗೆ ಬೀಳುತ್ತದೆ. ಚರ್ಮದ ಹೊದಿಕೆ ಬಿರಿಯುತ್ತದೆ, ಫೋಟೊ ಪಾಪಡ್‌ನಂತೆ ಸುರುಳಿಯಾಗುತ್ತದೆ. ಇದನ್ನು ಕಂಡು ಗಾಬರಿಯಾದವರು ಪುಸ್ತಕದಲ್ಲಿ ಓದಿದ ಶೇ 50ಕ್ಕೆ ತೇವಯಂತ್ರ ತಿರುಗಿಸುತ್ತಾರೆ. ಆ ತೇವ ಗೋಡೆಯ ಒಳಪದರಕ್ಕೆ ನುಗ್ಗಿ ಅಲ್ಲೇ ಮಂಜಾಗಿ ಕೂರುತ್ತದೆ, ವಸಂತದಲ್ಲಿ ಕರಗಿ ಗೋಡೆಯುದ್ದಕ್ಕೂ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಶೇ 30ರಿಂದ 35 ಸಾಕು. ಬೇಸಗೆಗೆ ಹೋಗುವಾಗ ನಿಧಾನವಾಗಿ, ವಾರಗಟ್ಟಲೆ ತೆಗೆದುಕೊಂಡು ಏರಿಸಿ. ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಾಗಿಟ್ಟ ಕಾಗದವೇ ತೇವಾಂಶದ ಏರಿಳಿತವನ್ನು ನುಂಗಿಕೊಳ್ಳುತ್ತದೆ. ದುಬಾರಿ ಯಂತ್ರಕ್ಕಿಂತ ಒಳ್ಳೆಯ ಪೆಟ್ಟಿಗೆಗೆ ಹಣ ಹಾಕುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸುರುಳಿಯಾದ ಫೋಟೊವನ್ನು ಕೈಯಿಂದ ಒತ್ತಿ ನೆಟ್ಟಗೆ ಮಾಡಲು ಹೋದರೆ ಪದರ ಬಿರುಕು ಬಿಡುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಬ್ಲಾಟಿಂಗ್ ಕಾಗದ ಹಾಸಿ, ಮೇಲೆ ಜಾಲರಿ ಇಟ್ಟು, ಫೋಟೊವನ್ನು ನೀರು ತಾಗದಂತೆ ಜಾಲರಿಯ ಮೇಲಿಟ್ಟು ಮುಚ್ಚಿ. ಅರ್ಧ ಗಂಟೆಗೊಮ್ಮೆ ನೋಡುತ್ತಿರಿ, ಎರಡು ಮೂರು ಗಂಟೆಯಲ್ಲಿ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಒಣ ಬ್ಲಾಟಿಂಗ್ ಕಾಗದಗಳ ನಡುವೆ ಹಗುರ ಭಾರ ಹೇರಿ ಒಂದೆರಡು ದಿನ ಬಿಡಿ. ಆದರೆ ಕೈಬರಹದ ಹಳೆಯ ಪತ್ರಕ್ಕೆ ಈ ಉಪಚಾರ ಮಾಡುವ ಮುನ್ನ ಶಾಯಿ ನೋಡಿ. ಕಬ್ಬಿಣದ ಲವಣ ಸೇರಿಸಿ ಮಾಡಿದ ಹಳೆಯ ಕಾಲದ ಶಾಯಿಯಾಗಿದ್ದರೆ ತೇವ ತಾಗಿದೊಡನೆ ಅದರ ಆಮ್ಲ ಸುತ್ತಲ ಕಾಗದಕ್ಕೆ ಹರಡುತ್ತದೆ. ಅಕ್ಷರದ ಸುತ್ತ ಕಂದು ಛಾಯೆ, ಹಿಂಬದಿಗೆ ಇಳಿದ ಬರಹ, ದಪ್ಪ ಗೀಟಿನ ಜಾಗದಲ್ಲಿ ಸಣ್ಣ ಬಿರುಕು ಕಂಡರೆ ಮುಟ್ಟಬೇಡಿ, ತಜ್ಞರಿಗೆ ಬಿಡಿ.

ಈ ಶಾಯಿ ಹೆಚ್ಚಾಗಿ ಎದುರಾಗುವುದು ತುಪ್ಪುಳ ವ್ಯಾಪಾರದ ಠಾಣೆಗಳ ದಿನಚರಿಗಳಲ್ಲಿ. 1670ರಲ್ಲಿ ಹುಟ್ಟಿ ಈ ವ್ಯಾಪಾರ ನಡೆಸಿದ ಹಡ್ಸನ್ಸ್ ಬೇ ಕಂಪನಿಯ ದಫ್ತರ 1974ರಲ್ಲಿ ಲಂಡನ್ನಿನಿಂದ ವಿನಿಪೆಗ್‌ಗೆ ಬಂತು, 1994ರಲ್ಲಿ ಮ್ಯಾನಿಟೋಬಾದ ಪತ್ರಾಗಾರಕ್ಕೆ ದಾನವಾಯಿತು. ಹವಾಮಾನ, ಬೇಟೆ, ಯಾರು ಬಂದರು, ಯಾರು ಸೌದೆ ಕಡಿದರು, ಯಾರು ಹಸಿದಿದ್ದರು ಎಂಬುದು ದಿನದಿನವೂ ಬರೆದಿದೆ. ಇವನ್ನು ಸೂಚಿಗೆ ಏರಿಸುವಾಗ ಮೂರು ಕಡೆ ಕಾಲು ಜಾರುತ್ತದೆ. ಕಂಪನಿಯ ವ್ಯಾಪಾರ ವರ್ಷಕ್ಕೆ ಔಟ್‌ಫಿಟ್ ಎಂದು ಹೆಸರು, ಅದು ಜೂನ್ 1ರಿಂದ ಮೇ 31ರ ತನಕ. ಆದ್ದರಿಂದ ಪುಸ್ತಕದ ಬೆನ್ನಿನ ಮೇಲೆ 1825 ಎಂದಿದ್ದರೂ ತಾರೀಕಿನ ಜಾಗದಲ್ಲಿ 1825–26 ಎಂದೇ ಬರೆಯಬೇಕು. ಇನ್ನೊಂದು, 1752ಕ್ಕೆ ಹಿಂದಿನ ಇಂಗ್ಲಿಷ್ ಬರಹದಲ್ಲಿ ಹೊಸ ವರ್ಷ ಶುರುವಾಗುವುದು ಮಾರ್ಚ್ 25ಕ್ಕೆ. ಅಲ್ಲಿನ ಫೆಬ್ರವರಿ 1730 ನಮ್ಮ ಲೆಕ್ಕಕ್ಕೆ 1731. ಬರೆದದ್ದನ್ನು ತಿದ್ದದೆ, ಪಕ್ಕದಲ್ಲಿ ನಮ್ಮ ಲೆಕ್ಕದ ವರ್ಷವನ್ನೂ ಕೊಡಿ. ಮೂರನೆಯದು ಬೆಲೆ. ಲೆಕ್ಕವೆಲ್ಲ ‘ಮೇಡ್ ಬೀವರ್’ ಎಂಬ ಅಳತೆಯಲ್ಲಿದೆ, ಅಂದರೆ ಬೀವರ್ ಎಂಬ ದಟ್ಟ ತುಪ್ಪುಳದ ನೀರುಪ್ರಾಣಿಯ, ಚೆನ್ನಾಗಿ ಹದ ಮಾಡಿದ ಒಂದು ದೊಡ್ಡ ತೊಗಲಿನ ಬೆಲೆ. ಓದುಗರಿಗೆ ಅನುಕೂಲವೆಂದು ಅದನ್ನು ಪೌಂಡಿಗೆ ಇಳಿಸಿದರೆ ಬೇಟೆಗಾರ ಕೊಟ್ಟದ್ದೇನು, ಪಡೆದದ್ದೇನು ಎಂಬ ಲೆಕ್ಕವೇ ಅಳಿಸಿಹೋಗುತ್ತದೆ. ದಿನಚರಿಯನ್ನೂ ಅದೇ ವರ್ಷದ ಲೆಕ್ಕಪುಸ್ತಕವನ್ನೂ ಒಂದಕ್ಕೊಂದು ಜೋಡಿಸಿ ತೋರಿಸುವುದನ್ನು ಮರೆಯಬೇಡಿ. ಒಂದರಲ್ಲಿ ‘ಇಬ್ಬರು ಬಂದರು’ ಎಂದಷ್ಟೇ ಇದ್ದರೆ ಅವರ ಹೆಸರು ಇನ್ನೊಂದರಲ್ಲಿ ಸಿಗಬಹುದು.

ಎರಡನೆಯ ದಾಟು ಟೇಪಿನದು. ಕೆನಡಾದ ಉತ್ತರ ತುದಿಯ ನುನಾವುತ್ ಪ್ರದೇಶದ ಇಗ್ಲೂಲಿಕ್ ಊರಿನಲ್ಲಿ 1986ರಿಂದ, ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಹಿರಿಯರ ಮಾತನ್ನು ಧ್ವನಿಮುದ್ರಿಸುತ್ತ ಬಂದರು: ನಾಯಿಬಂಡಿ, ಸೀಲ್ ಬೇಟೆ, ಬಟ್ಟೆ ಹೊಲಿಗೆ, ಹಿಮದ ಮೇಲೆ ದಾರಿ ಹುಡುಕುವ ವಿದ್ಯೆ. ಇಂಥ ಸಂಗ್ರಹದ ಕ್ಯಾಸೆಟ್ಟನ್ನು ನೇರವಾಗಿ ನುಡಿಸಬೇಡಿ. ಕೋಣೆಯ ಬಿಸುಪಿಗೆ ಬಂದ ಮೇಲೆ ಅಳಿಸದಂತೆ ಹಿಂಬದಿಯ ಎರಡೂ ಗುಬ್ಬಿಗಳನ್ನು ಮುರಿದು, ಕೊನೆಯ ತನಕ ಒಮ್ಮೆ ಸುತ್ತಿ, ಮರಳಿ ಸುತ್ತಿ, ಆಮೇಲೆ ಕೇಳಿ. ಧ್ವನಿ ಮುಸುಕಾಗಿದ್ದರೆ ಟೇಪು ಕೆಟ್ಟಿದೆ ಎಂದುಕೊಳ್ಳುವ ಮೊದಲು ಪ್ಲೇಯರಿನ ಹೆಡ್ಡಿನ ಕೋನವನ್ನು ಸಣ್ಣ ಸ್ಕ್ರೂನಿಂದ ತಿರುಗಿಸಿ ನೋಡಿ, ಎಷ್ಟೋ ಬಾರಿ ‘ಸ’ಕಾರಗಳು ಅಲ್ಲೇ ಸ್ಪಷ್ಟವಾಗುತ್ತವೆ. ದೊಡ್ಡ ರೀಲುಗಳಲ್ಲಿ ಅಂಟು ಹಿಡಿದು ಕಿರುಗುಟ್ಟುವ ಪಾಲಿಯೆಸ್ಟರ್ ಟೇಪನ್ನು 50 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಿ ಒಮ್ಮೆ ನುಡಿಸಿಕೊಳ್ಳುವ ಪದ್ಧತಿಯಿದೆ. ಅಸಿಟೇಟ್ ಟೇಪಿಗೆ ಇದನ್ನು ಎಂದೂ ಮಾಡಕೂಡದು. ಗುರುತಿಸುವುದು ಸುಲಭ: ರೀಲನ್ನು ಬೆಳಕಿಗೆ ಅಡ್ಡ ಹಿಡಿದರೆ ಅಸಿಟೇಟ್ ಅರೆಪಾರದರ್ಶಕವಾಗಿ ಕಾಣುತ್ತದೆ, ಕೆಡಲು ಶುರುವಾಗಿದ್ದರೆ ವಿನೆಗರ್ ವಾಸನೆ ಹೊಡೆಯುತ್ತದೆ.

96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎರಡು ಚಾನೆಲ್ ವೇವ್ ಫೈಲು ಮಾಡಿದರೆ ಒಂದು ಗಂಟೆಗೆ 2 ಜಿಬಿ ಆಗುತ್ತದೆ. ಉಪಗ್ರಹದ ಇಂಟರ್ನೆಟ್ಟಿನಲ್ಲಿ ಸಾವಿರ ಗಂಟೆಯ ಸಂಗ್ರಹ ಕಳಿಸುವ ಯೋಚನೆ ಬಿಟ್ಟು ಡಿಸ್ಕನ್ನೇ ವಿಮಾನದಲ್ಲಿ ಕಳಿಸಿ. ಹೊರಡುವ ಮುನ್ನ ಪ್ರತಿ ಫೈಲಿನ ಚೆಕ್‌ಸಮ್ (ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಗುರುತು) ತೆಗೆದು ಪಟ್ಟಿಯನ್ನು ಇಮೇಲಿನಲ್ಲಿ ಬೇರೆಯಾಗಿ ಕಳಿಸಿ, ತಲುಪಿದ ಮೇಲೆ ತಾಳೆ ನೋಡುವ ತನಕ ಮೂಲ ಡಿಸ್ಕನ್ನು ಅಳಿಸಬೇಡಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಲ್ಲೇ ಇರಲಿ. 2023ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಸಮೀಪಿಸಿತೆಂದು ಯೆಲ್ಲೋನೈಫ್ ಊರಿಗೆ ಊರೇ ತೆರವಾಯಿತು. ವಾಯವ್ಯ ಪ್ರದೇಶಗಳ ಪತ್ರಾಗಾರ ಇರುವುದು ಅದೇ ಊರಿನಲ್ಲಿ.

ಬರಹಕ್ಕಿಳಿಸಿದ ಫೈಲುಗಳಲ್ಲಿ ಕಾದಿರುವ ತೊಂದರೆ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಹಳೆಯ ನುಡಿ, ಬರಹ ಫೈಲು ತೆರೆದಾಗ ಫಾಂಟ್ ಇಲ್ಲದೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುವುದಿಲ್ಲವೇ? ಇನ್ಯುಯಿಟ್ ಜನರ ಭಾಷೆಯಾದ ಇನುಕ್ಟಿಟುಟ್‌ನ ಲಿಪಿಗೂ ಅದೇ ಗತಿ. 1999ರಲ್ಲಿ ಆ ಲಿಪಿ ಯೂನಿಕೋಡಿಗೆ ಸೇರುವ ಮುಂಚೆಯೂ, ಎಷ್ಟೋ ವರ್ಷ ಆಮೇಲೂ, ನುನಾಕಾಮ್, ಪ್ರೋಸಿಲ್‌ನಂಥ ಫಾಂಟುಗಳಲ್ಲಿ ಬೆರಳಚ್ಚಿಸಿದ್ದಾರೆ. ಯಾರಾದರೂ ಇದನ್ನು ‘ಹಾಳಾದ ಫೈಲು’ ಎಂದು ಬಿಸಾಡುವ ಮುನ್ನ ಫಾಂಟಿನ ಹೆಸರು ನೋಡಿ. ಮೂಲ ಫೈಲು, ಆ ಫಾಂಟು, ಸರಿಯಾಗಿ ಕಂಡ ಪುಟಗಳ ಪಿಡಿಎಫ್, ಯೂನಿಕೋಡಿಗೆ ಪರಿವರ್ತಿಸಿದ ಪಠ್ಯ, ಈ ನಾಲ್ಕನ್ನೂ ಒಟ್ಟಿಗಿಡಿ. ಪರಿವರ್ತಿಸಿದ್ದನ್ನು ಆ ಭಾಷೆ ಓದುವವರೇ ನೋಡಬೇಕು. ದೀರ್ಘ ಸ್ವರಕ್ಕೆ ಅಕ್ಷರದ ಮೇಲೊಂದು ಚುಕ್ಕೆ ಬರುತ್ತದೆ, ಅದು ಬಿದ್ದುಹೋದರೆ ಪದವೇ ಬೇರೆಯಾಗಬಹುದು.

ಮೂರನೆಯ ದಾಟು ಎಲ್ಲಕ್ಕಿಂತ ಕಷ್ಟದ್ದು, ಹೆಸರಿನದು. ದಕ್ಷಿಣದಿಂದ ಬಂದ ಛಾಯಾಗ್ರಾಹಕರು, ಪಾದ್ರಿಗಳು, ಅಧಿಕಾರಿಗಳು ತೆಗೆದ ಸಾವಿರಾರು ಚಿತ್ರಗಳ ಕೆಳಗೆ ‘ಸ್ಥಳೀಯ ಹೆಂಗಸು’, ‘ಎಸ್ಕಿಮೊ ಮಗು’ ಎಂದಷ್ಟೇ ಇದೆ. ಪೆಟ್ಟಿಗೆ, ತೇವಾಂಶ ಎಲ್ಲ ಸರಿಯಿದ್ದರೂ ಅಂಥ ಚಿತ್ರ ಉಳಿದದ್ದು ಅರ್ಧ ಮಾತ್ರ. 2001ರಲ್ಲಿ ಕೆನಡಾದ ರಾಷ್ಟ್ರೀಯ ಪತ್ರಾಗಾರ, ನುನಾವುತ್ ಸರ್ಕಾರ ಮತ್ತು ನುನಾವುತ್ ಸಿವುನಿಕ್ಸಾವುತ್ ಎಂಬ ಇನ್ಯುಯಿಟ್ ಯುವಜನರ ಕಾಲೇಜು ಸೇರಿ ‘ಪ್ರಾಜೆಕ್ಟ್ ನೇಮಿಂಗ್’ ಆರಂಭಿಸಿದವು. ವಿದ್ಯಾರ್ಥಿಗಳು ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಊರಿಗೆ ಒಯ್ದು ಹಿರಿಯರ ಪಕ್ಕ ಕೂತು ಹೆಸರು ಕೇಳಿದರು. ಈ ಕೆಲಸಕ್ಕೆ ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕೂರುವಾಗ ಗಮನಿಸಬೇಕಾದ್ದು ಕೆಲವಿದೆ. ವಸಂತದಲ್ಲಿ ಸಭೆ ಇಡಬೇಡಿ, ಜನ ಊರಲ್ಲಿರುವುದಿಲ್ಲ, ಬೇಟೆಗೆ ಹೋಗಿರುತ್ತಾರೆ. ಅಂಗೈಯಗಲದ ಚಿತ್ರ ತೋರಿಸಿ ಹೆಸರು ಕೇಳುವುದು ಹಿರಿಯರ ಕಣ್ಣಿಗೆ ಶಿಕ್ಷೆ, ದೊಡ್ಡ ಪ್ರಿಂಟು ಒಯ್ಯಿರಿ. ಮುಖವನ್ನಷ್ಟೇ ಕೇಳದೆ ಹಿಂದಿನ ಗುಡ್ಡ, ಗುಡಾರ, ಅಂಗಿಯ ಕಸೂತಿಯನ್ನೂ ತೋರಿಸಿ. ಹೊಲಿಗೆಯ ಮಾದರಿ ನೋಡಿ ಹೊಲಿದವರು ಯಾವ ಕಡೆಯವರೆಂದು ಹೇಳುವವರಿದ್ದಾರೆ. ಮಾತನ್ನು ಅವರ ಭಾಷೆಯಲ್ಲೇ, ಅವರ ಒಪ್ಪಿಗೆಯಿಂದ, ಧ್ವನಿಮುದ್ರಿಸಿಕೊಳ್ಳಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಒಂದನ್ನು ಆರಿಸುವ ಅಧಿಕಾರ ನಮ್ಮದಲ್ಲ, ಎರಡನ್ನೂ ಹೇಳಿದವರ ಗುರುತಿನೊಂದಿಗೆ ಬರೆಯಬೇಕು.

ಒಬ್ಬರಿಗೆ ಒಂದೇ ಹೆಸರಿನ ಅಂಕಣ ಇಟ್ಟರೆ ಇಲ್ಲಿ ಸಾಲದು. ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಇಡುವ ಸಂಪ್ರದಾಯವಿದೆ, ಆದ್ದರಿಂದ ಒಂದೇ ಊರಲ್ಲಿ ಒಂದೇ ಹೆಸರಿನವರು ಹಲವರು. ಪಾದ್ರಿ ಕೊಟ್ಟ ಹೆಸರು ಇನ್ನೊಂದು. 1941ರಿಂದ ಸರ್ಕಾರ ಪ್ರತಿಯೊಬ್ಬ ಇನ್ಯುಯಿಟ್ ವ್ಯಕ್ತಿಗೂ ಕುತ್ತಿಗೆಗೆ ಹಾಕಿಕೊಳ್ಳಲು ನಂಬರಿನ ಬಿಲ್ಲೆ ಕೊಟ್ಟಿತ್ತು, ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯು’ ಅಕ್ಷರದಿಂದ ಶುರುವಾಗುವ ನಂಬರು. 1970ರ ಆಸುಪಾಸಿನಲ್ಲಿ ಇನ್ಯುಯಿಟ್ ಸಮುದಾಯದವರೇ ಆದ ಏಬ್ ಓಕ್‌ಪಿಕ್ ಊರೂರು ಸುತ್ತಿ ಜನರಿಂದಲೇ ಮನೆತನದ ಹೆಸರು ಕೇಳಿ ದಾಖಲಿಸಿದರು. ಹೀಗೆ ಒಬ್ಬರೇ ನಾಲ್ಕು ಕಡತದಲ್ಲಿ ನಾಲ್ಕು ರೀತಿ ಇರುತ್ತಾರೆ. ಸೂಚಿಯಲ್ಲಿ ನಾಲ್ಕನ್ನೂ ಒಂದೇ ವ್ಯಕ್ತಿಗೆ ಜೋಡಿಸಿ, ತಂದೆತಾಯಿ ಮತ್ತು ಬೀಡಿನ ಹೆಸರು ಸೇರಿಸಿ. ಬಿಲ್ಲೆಯ ನಂಬರು ಹುಡುಕಾಟಕ್ಕೆ ಬೇಕೇ ಬೇಕು, ಆದರೆ ಅದನ್ನು ಎಲ್ಲರಿಗೂ ಕಾಣುವ ಪುಟದಲ್ಲಿ ಹಾಕಬಾರದು. ಮನುಷ್ಯರನ್ನು ನಂಬರಿನಿಂದ ಕರೆದ ನೋವು ಇನ್ನೂ ಆರಿಲ್ಲ. ಹಳೆಯ ಅಡಿಬರಹವನ್ನು ಅಳಿಸಬೇಡಿ, ‘ಮೂಲ ಅಡಿಬರಹ’ ಎಂಬ ಬೇರೆ ಅಂಕಣಕ್ಕೆ ಸರಿಸಿ, ಶೀರ್ಷಿಕೆಯ ಜಾಗಕ್ಕೆ ಆ ವ್ಯಕ್ತಿಯ ಹೆಸರು ಬರಲಿ.

ತಿದ್ದುಪಡಿ ಮುಗಿದ ತಿಂಗಳೊಳಗೆ 8×10 ಇಂಚಿನ ಒಂದು ಪ್ರಿಂಟು ಹೆಸರು ಹೇಳಿದವರ ಮನೆಗೆ ಹೋಗಬೇಕು. ಹಿಂಬದಿಯ ಅಂಚಿನಲ್ಲಿ ಕ್ಯಾಟಲಾಗ್ ನಂಬರು, ಅವರ ಲಿಪಿಯಲ್ಲಿ ಬರೆದ ಹೆಸರು ಇರಲಿ. ಪ್ಲಾಸ್ಟಿಕ್ ಲೇಪದ ಫೋಟೊ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಫೋಟೊಗೆಂದೇ ಬರುವ ಪೆನ್ನಿನಲ್ಲಿ ಬರೆದು, ಶಾಯಿ ಪೂರ್ತಿ ಒಣಗಿದ ಮೇಲೆ ಲಕೋಟೆಗೆ ಹಾಕಿ. ಆ ಪ್ರಿಂಟನ್ನು ಗೋಡೆಯ ಮೇಲೆ ನೋಡಿದ ಮೊಮ್ಮಕ್ಕಳು, ನೆರೆಯವರು ‘ಪಕ್ಕದಲ್ಲಿ ನಿಂತಿರುವವರು ಇಂಥವರು’ ಎಂದು ಇನ್ನೊಂದು ಹೆಸರು ಹೇಳಿದಾಗ, ಯಾವ ಚಿತ್ರಕ್ಕೆ ಸೇರಿಸಬೇಕೆಂಬುದು ಆ ನಂಬರಿನಿಂದಲೇ ನಮಗೆ ತಿಳಿಯುವುದು.