ಒಂದೇ ರಸ್ತೆಬದಿ, ಮೂರು ಥರ ನೆಲ

ನಾನು ಅಮೆರಿಕದ ಅಯೋವಾ ರಾಜ್ಯದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ರಸ್ತೆಬದಿಯ ಹುಲ್ಲು, ಗಿಡ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. "ಹುಲ್ಲು ಕೊಯ್ಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂತ ಊರಲ್ಲಿರುವ ಸೋದರಮಾವ ರೇಗಿಸುತ್ತಾರೆ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧ ಕೆಲಸ ಕೊಯ್ಯದೆ ಬಿಡುವುದೇ.

ಒಂದು ಕಾಲಕ್ಕೆ ಈ ರಾಜ್ಯದ ಶೇ 80ರಷ್ಟು ನೆಲ ಪ್ರೇರಿ, ಅಂದರೆ ಆಳೆತ್ತರದ ಹುಲ್ಲುಗಾವಲು. ಅದರಲ್ಲಿ ಈಗ ಉಳಿದಿರುವುದು ಶೇ 0.1ಕ್ಕಿಂತ ಕಡಿಮೆ. ಮಿಕ್ಕದ್ದರಲ್ಲಿ ಬಹುಪಾಲು ಮೆಕ್ಕೆಜೋಳ, ಸೋಯಾ. ನೇಗಿಲು ತಾಗದ ಜಾಗ ಅಂತ ಸಿಗುವುದು ರಸ್ತೆಬದಿಯೇ. ಹಾಗಾಗಿ 1980ರ ದಶಕದ ಕೊನೆಯಿಂದ ಇಲ್ಲಿನ ಮೂಲದ ಹುಲ್ಲು, ಹೂಗಿಡಗಳನ್ನೇ ರಸ್ತೆಬದಿಗೆ ಬಿತ್ತುತ್ತಾ ಬಂದಿದ್ದಾರೆ. ಸೀಡರ್ ಫಾಲ್ಸ್‌ನ ಟಾಲ್‌ಗ್ರಾಸ್ ಪ್ರೇರಿ ಸೆಂಟರ್ ಮೂಲಕ ಕೌಂಟಿಗಳಿಗೆ ಬೀಜ ಬರುತ್ತದೆ.

ಬಿತ್ತುವುದಕ್ಕೆ ನಿಂತಾಗಲೇ ನೆಲ ಅರ್ಥವಾಗುವುದು. ಡಾಂಬರಿನ ಪಕ್ಕದ ಇಳಿಜಾರಲ್ಲಿ ಬರೀ ಜಲ್ಲಿ, ಮೇಲೆ ಚಳಿಗಾಲದಲ್ಲಿ ಹಿಮ ಕರಗಿಸಲು ಎರಚಿದ ಉಪ್ಪು. ಕೆಳಗೆ ಚರಂಡಿಯಲ್ಲಿ ನೀರು, ಹೊಲದಿಂದ ಕೊಚ್ಚಿಕೊಂಡು ಬಂದ ಗೊಬ್ಬರ. ಅಲ್ಲಿ ಬೇರೆ ಗಿಡಗಳನ್ನು ತುಳಿದು ಹಬ್ಬುವ ರೀಡ್ ಕ್ಯಾನರಿ ಹುಲ್ಲಿನದೇ ದರ್ಬಾರು. ಆಚೆ ದಡದಲ್ಲಿ ಮೇಲ್ಮಣ್ಣು ಹೆರೆದು ತೆಗೆದ ಗಟ್ಟಿ ಜೇಡಿ. ನಾಲ್ಕು ಹೆಜ್ಜೆಗೊಂದು ಥರ! ಆದರೂ ಮೂರಕ್ಕೂ ಒಂದೇ ಬೀಜದ ಮಿಶ್ರಣ ಬೀಳುವುದೇ ಜಾಸ್ತಿ. ಸಂಶೋಧಕರ ಸಮತಟ್ಟಾದ ಪ್ರಯೋಗದ ಪ್ಲಾಟಿನಲ್ಲಿ ಗೆದ್ದದ್ದು ಇಲ್ಲೂ ಗೆಲ್ಲುತ್ತದೆ ಅನ್ನೋಕಾಗಲ್ಲ. ನನ್ನನ್ನು ಕೇಳಿದರೆ ಮೊದಲು ಸಂಶೋಧನೆ ಆಗಬೇಕಾದದ್ದು ಇದೇ: ಯಾವ ಗಿಡ ಯಾವ ಮಟ್ಟದಲ್ಲಿ ಬಾಳುತ್ತದೆ? ಹೂಗಿಡದ ಬೀಜ ಹುಲ್ಲಿನ ಬೀಜಕ್ಕಿಂತ ದುಬಾರಿ. ತಪ್ಪು ಜಾಗದಲ್ಲಿ ಎರಚಿದರೆ ದುಡ್ಡು ಅಕ್ಷರಶಃ ಚರಂಡಿಪಾಲು.

ಬಿತ್ತಿದ ಮೊದಲ ವರ್ಷ ನೋಡಬೇಕು ನೀವು. ಸೊಂಟದೆತ್ತರ ಕಳೆ. ಕುಕ್ಕರಗಾಲಲ್ಲಿ ಕೂತು ಅದನ್ನು ಬಿಡಿಸಿ ನೋಡಿದರೆ ಬುಡದಲ್ಲಿ ಬಿಗ್ ಬ್ಲೂಸ್ಟೆಮ್ ಅನ್ನುವ ಪ್ರೇರಿ ಹುಲ್ಲಿನ ಸಸಿ, ಗೇಣುದ್ದವೂ ಇಲ್ಲ, ಎಲೆ ದಾರದಷ್ಟು ಸಣ್ಣ. ಎಳೆದರೆ ಮಾತ್ರ ಸುಲಭಕ್ಕೆ ಬರುವುದಿಲ್ಲ. ಅದರ ಶಕ್ತಿಯೆಲ್ಲ ಬೇರಿಗೆ ಹೋಗಿರುತ್ತದೆ. ಪಕ್ಕದ ಹೊಲದವರು ಪಿಕಪ್ ನಿಲ್ಲಿಸಿ "ದುಡ್ಡು ಕೊಟ್ಟು ಕಳೆ ಬಿತ್ತಿದ್ದೀರಾ?" ಅಂತಾರೆ. ಸಸಿಗೆ ಬಿಸಿಲು ಸಿಗಲಿ ಅಂತ ಬ್ಲೇಡನ್ನು ನೆಲದಿಂದ ಅರ್ಧ ಅಡಿ ಮೇಲೆತ್ತಿ ಕಳೆ ಸವರುತ್ತೇವೆ. ವರ್ಷಕ್ಕೆ ಎಷ್ಟು ಸಲ? ಒಬ್ಬೊಬ್ಬರದು ಒಂದೊಂದು ಲೆಕ್ಕ. ಪ್ರತಿ ಸಲವೂ ಡೀಸೆಲ್ ಖರ್ಚು, ಇಳಿಜಾರಲ್ಲಿ ಟ್ರ್ಯಾಕ್ಟರ್ ಮಗುಚುವ ಭಯ.

ಇನ್ನೊಂದು ತಲೆನೋವು ತಾರೀಖಿನದು. ಹಕ್ಕಿಗಳ ಗೂಡು ಉಳಿಯಲಿ ಅಂತ ಜುಲೈ 15ರ ಮೊದಲು ರಸ್ತೆಬದಿ ಕೊಯ್ಯಬಾರದು ಅನ್ನುತ್ತದೆ ಇಲ್ಲಿನ ಕಾನೂನು. ಕೆಲವು ವಿನಾಯಿತಿಗಳಿವೆ. ಆದರೆ ಕಾಡು ಪಾರ್ಸ್ನಿಪ್ ಅನ್ನುವ ಕಳೆ ಕಾಯುತ್ತಾ ಕೂರಲ್ಲ, ಅಷ್ಟರಲ್ಲಿ ಬೀಜ ಕಟ್ಟಲು ಶುರು ಮಾಡಿರುತ್ತದೆ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಹಕ್ಕಿಗೂ ತೊಂದರೆ ಆಗದ, ಪಾರ್ಸ್ನಿಪ್ಪೂ ಸೋಲುವ ವಾರ ಯಾವುದು ಅಂತ ಯಾರಾದರೂ ಜಾಗ ಜಾಗಕ್ಕೆ ಅಳೆದು ಹೇಳಬೇಕು.

ಮೊನಾರ್ಕ್ ಚಿಟ್ಟೆಯ ಹುಳುಗಳಿಗೆ ಮಿಲ್ಕ್‌ವೀಡ್ ಬಿಟ್ಟು ಬೇರೆ ಊಟ ಇಲ್ಲ. ಇದು ನಮ್ಮ ಎಕ್ಕದ ಗಿಡದ ಬಂಧು, ಮುರಿದರೆ ಹಾಲೇ ಸುರಿಯುತ್ತದೆ. ಅದನ್ನು ರಸ್ತೆಬದಿಯಲ್ಲಿ ಬೆಳೆಸುತ್ತೇವೆ ಸರಿ, ಅಲ್ಲಿ ಹುಟ್ಟಿದ ಚಿಟ್ಟೆ ಲಾರಿಗೆ ಬಡಿದು ಸಾಯುವುದೂ ಇದೆ ಅಲ್ವಾ? ಲಾಭವೋ ನಷ್ಟವೋ ಅಂತ ನಮ್ಮ ಒಂದೊಂದು ರಸ್ತೆಗೂ ಲೆಕ್ಕ ಹಾಕುವವರು ಬೇಕು.

ಸಂಶೋಧನೆಯ ಅನುದಾನ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಪ್ರೇರಿ ಮುಖ ತೋರಿಸುವುದೇ ಮೂರನೇ ವರ್ಷದಲ್ಲಿ. ಆದರೆ ಸಂಶೋಧನೆಗೆ ಹೊಸದಾಗಿ ಬಿತ್ತಲೇಬೇಕು ಅಂತಿಲ್ಲ. ಯಾವ ಮಿಶ್ರಣ ಎಲ್ಲಿ ಬಿತ್ತಿದ್ದು ಅನ್ನುವ ಹಳೇ ಫೈಲು ನಮ್ಮ ಶೆಡ್ಡಿನಲ್ಲೇ ಇದೆ. ನೋಡಲು ಬರುವ ವಿದ್ಯಾರ್ಥಿಗೆ ಹೊಳೆಯುವ ಜಾಕೆಟ್ ನಾನೇ ಕೊಡುತ್ತೇನೆ.